ವಾಡಿ ದಾರಿಯ ರೈಲು ಹತ್ತಿ ವಿಚಿತ್ರ ವಸ್ತುಗಳ ಮನೆಗೆ

ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ ಶುರುವಾದದ್ದು 1874ರಲ್ಲಿ. ಮುಂಬಯಿ–ಮದ್ರಾಸ್ ಮುಖ್ಯ ಮಾರ್ಗಕ್ಕೆ ಹೈದರಾಬಾದನ್ನು ಜೋಡಿಸಲು ನಿಜಾಮ ಸರ್ಕಾರ ಹಾಕಿಸಿದ ಹಳಿ ಅದು. ಆಗ ಸಂಸ್ಥಾನದ ದಿವಾನರಾಗಿದ್ದವರು ಮೀರ್ ತುರಾಬ್ ಅಲಿ ಖಾನ್, ಅಂದರೆ ಮೊದಲನೆಯ ಸಾಲಾರ್ ಜಂಗ್. ಹಳಿ ಹಾಕಿ ಎರಡು ವರ್ಷಕ್ಕೆ, 1876ರಲ್ಲಿ, ಅವರು ಯುರೋಪಿಗೆ ಹೋದರು. ರೋಮ್ ನಗರದಲ್ಲಿ ಮುಸುಕು ಹೊದ್ದ ಹೆಣ್ಣಿನ ಅಮೃತಶಿಲೆಯ ಮೂರ್ತಿಯೊಂದನ್ನು ಕಂಡು, ಕೊಂಡು ತಂದರು. ಇವತ್ತು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದವರೆಲ್ಲ ಮೊದಲು ಹುಡುಕುವುದು ಅದನ್ನೇ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಕುಟುಂಬಗಳಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ, ಮೈಸೂರು ಅದಕ್ಕೂ ಆಚೆ. ಹೈದರಾಬಾದ್ ಹಾಗಲ್ಲ. ವಾಡಿಯಿಂದ ಇನ್ನೂರು ಕಿಲೋಮೀಟರಿನ ಒಳಗೆ ಇದೆ. ಆಸ್ಪತ್ರೆಗೆ, ಮದುವೆ ಜವಳಿಗೆ, ಮಕ್ಕಳ ಪರೀಕ್ಷೆಗೆ ಅಂತ ನಾವು ಹೋಗುತ್ತಲೇ ಇರುತ್ತೇವೆ. ಆದರೆ ಅಷ್ಟು ದೂರ ಹೋಗಿಯೂ ಚಾರ್ಮಿನಾರ್ ನೋಡಿ, ಬಳೆ ಕೊಂಡು, ಬಿರಿಯಾನಿ ಉಂಡು ವಾಪಸಾಗುವವರೇ ಹೆಚ್ಚು. ಅಲ್ಲಿಂದ ಕೂಗಳತೆಯಲ್ಲೇ, ಮೂಸಿ ನದಿಯ ದಂಡೆಯ ಮೇಲೆ, ಮಕ್ಕಳ ಬಾಯಿ ತೆರೆದೇ ಉಳಿಯುವಂಥ ಮನೆ ಒಂದಿದೆ. ಅದನ್ನು ಒಂದು ದಿನದಲ್ಲಿ, ಕಾಲು ಸೋಲದಂತೆ, ಜಗಳವಾಡದೆ ನೋಡಿ ಬರುವುದು ಹೇಗೆ ಎಂಬುದೇ ಈ ಲೇಖನ.

ಮೊದಲ ಮಾತು: ಶುಕ್ರವಾರ ಹೋಗಬೇಡಿ. ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ. ಮುಂದೆ ಹೇಳಲಿರುವ ನಿಜಾಮರ ಮ್ಯೂಸಿಯಂ, ಮಮ್ಮಿ ಇರುವ ರಾಜ್ಯ ಮ್ಯೂಸಿಯಂಗಳಿಗೂ ಶುಕ್ರವಾರವೇ ರಜೆ. ನಮ್ಮ ಕಡೆ ಸರ್ಕಾರಿ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಸೋಮವಾರ ಮುಚ್ಚುವುದರಿಂದ ಅದೇ ಲೆಕ್ಕದಲ್ಲಿ ಹೋಗಿ ಗೇಟಿನ ಮುಂದೆ ನಿಂತು ಬಂದವರಿದ್ದಾರೆ. ಭಾನುವಾರ ತೆರೆದಿರುತ್ತದೆ, ಆದರೆ ಜನಜಂಗುಳಿ. ಮಂಗಳವಾರ, ಬುಧವಾರ ಸಿಕ್ಕರೆ ಪುಣ್ಯ. ತಿಂಗಳ ಲೆಕ್ಕದಲ್ಲಿ ದಸರಾ ರಜೆಯಿಂದ ಸಂಕ್ರಾಂತಿವರೆಗೆ ಒಳ್ಳೆಯದು. ಮೇ ತಿಂಗಳಲ್ಲಿ ಮ್ಯೂಸಿಯಂ ಒಳಗೆ ತಂಪಾಗಿದ್ದೀತು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಕ್ಕಳು ಬಾಡಿ ಹೋಗಿರುತ್ತಾರೆ.

ರೈಲಿನ ವಿಷಯ. ಮೊಬೈಲಿನಲ್ಲಿ ಟಿಕೆಟ್ ಹುಡುಕುವವರು ಸೇಡಂ ಎಂದು ಹಾಕಿದರೆ ಸಿಗದಿರಬಹುದು. ರೈಲ್ವೆ ಲೆಕ್ಕದಲ್ಲಿ ಅದು ಇನ್ನೂ 'ಸೇರಂ'. ಮಳಖೇಡಕ್ಕೆ 'ಮಲ್ಖೇಡ್ ರೋಡ್' ಎಂದು ಹೆಸರು. ಎಲ್ಲ ಎಕ್ಸ್‌ಪ್ರೆಸ್‌ಗಳೂ ಚಿತ್ತಾಪುರ, ಸೇಡಂಗಳಲ್ಲಿ ನಿಲ್ಲುವುದಿಲ್ಲ. ಶಹಾಬಾದದವರಿಗೆ ವಾಡಿ ಹತ್ತಿರವೇ ಇರುವುದರಿಂದ ಅಲ್ಲಿಗೆ ಬಂದು ಹತ್ತಿದರೆ ಆಯ್ಕೆ ಜಾಸ್ತಿ. ಚಿಂಚೋಳಿಗೆ ರೈಲೇ ಇಲ್ಲ. ಅಲ್ಲಿಯವರು ತಾಂಡೂರಿಗೆ ಹೋಗಿ ರೈಲು ಹಿಡಿಯಬಹುದು, ಇಲ್ಲವೇ ನೇರ ಬಸ್ಸಿಗೇ ಕೂಡಬಹುದು. ಬಸ್ಸಿನವರಿಗೆ ಒಂದು ಅನುಕೂಲ ಇದೆ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸುಗಳು ಹೋಗಿ ನಿಲ್ಲುವುದು ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ, ಹಳಬರ ಬಾಯಲ್ಲಿ ಇಮ್ಲಿಬನ್‌ನಲ್ಲಿ. ಅಲ್ಲಿಂದ ಮ್ಯೂಸಿಯಂಗೆ ಆಟೋದಲ್ಲಿ ಹತ್ತು ನಿಮಿಷದ ದಾರಿ.

ರೈಲಿನವರು ಇಳಿಯುವ ಸ್ಟೇಷನ್ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು. ಕೆಲವು ರೈಲು ಬೇಗಂಪೇಟೆ ಹಾದು ಸಿಕಂದರಾಬಾದಿಗೆ ಹೋಗುತ್ತವೆ, ಕೆಲವು ನಾಂಪಲ್ಲಿಗೆ ಬರುತ್ತವೆ. ಟಿಕೆಟ್ಟಿನ ಮೇಲೆ 'ಹೈದರಾಬಾದ್ ಡೆಕ್ಕನ್' ಎಂದಿದ್ದರೆ ಅದು ನಾಂಪಲ್ಲಿಯೇ. ನಾಂಪಲ್ಲಿಯಲ್ಲಿ ಇಳಿದರೆ ಕೆಂಪು ಮಾರ್ಗದ ಮೆಟ್ರೋ ಹತ್ತಿ ಮೂರನೆಯ ನಿಲ್ದಾಣದಲ್ಲಿ ಇಳಿಯಿರಿ, ಅದೇ ಮಹಾತ್ಮಾ ಗಾಂಧಿ ಬಸ್ ನಿಲ್ದಾಣ. ಸಿಕಂದರಾಬಾದಿನಿಂದ ಹಸಿರು ಮಾರ್ಗ ಅಲ್ಲಿಗೇ ಬಂದು ಮುಗಿಯುತ್ತದೆ. ಬೇಗಂಪೇಟೆಯವರು ಅಮೀರ್‌ಪೇಟೆಯಲ್ಲಿ ಬದಲಿಸಬೇಕು. ಮೆಟ್ರೋ ಕಾಣದ ಮಕ್ಕಳಿಗೆ ಮ್ಯೂಸಿಯಂನಷ್ಟೇ ಸಂಭ್ರಮ ಇದರಲ್ಲೂ ಇರುತ್ತದೆ. ಆಟೋದವನ ಜೊತೆ ಚೌಕಾಸಿ ಮಾಡುವ ಕೆಲಸವೂ ಅರ್ಧ ತಪ್ಪುತ್ತದೆ.

ಇಷ್ಟಾದ ಮೇಲೆ ಮ್ಯೂಸಿಯಂ ಕಟ್ಟಿದವರ ಕಥೆ ಒಂದಿಷ್ಟು ಹೇಳಬೇಕು. ರೈಲಿನಲ್ಲೇ ಮಕ್ಕಳಿಗೆ ಹೇಳಿಬಿಟ್ಟರೆ ಒಳಗೆ ಹೋದಾಗ ಕೆಲಸಕ್ಕೆ ಬರುತ್ತದೆ. ಹಳಿ ಹಾಕಿಸಿದ ದಿವಾನರ ಮೊಮ್ಮಗ ಮೀರ್ ಯೂಸುಫ್ ಅಲಿ ಖಾನ್ ಮೂರನೆಯ ಸಾಲಾರ್ ಜಂಗ್. ಹುಟ್ಟಿದ್ದು 1889ರಲ್ಲಿ. ಹುಟ್ಟಿ ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. 1912ರಲ್ಲಿ ಅವರೂ ದಿವಾನರಾದರು, ಎರಡೇ ವರ್ಷಕ್ಕೆ ಬಿಟ್ಟುಬಿಟ್ಟರು. ಆಮೇಲೆ ಬದುಕಿದ ಮೂವತ್ತೈದು ವರ್ಷ ಮಾಡಿದ್ದು ಒಂದೇ ಕೆಲಸ: ಕೊಳ್ಳುವುದು. ಗಡಿಯಾರ, ಕತ್ತಿ, ಬೊಂಬೆ, ಊರುಗೋಲು, ಚೀನಾದ ಪಿಂಗಾಣಿ, ಪರ್ಷಿಯಾದ ಜಮಖಾನ, ಹಸ್ತಪ್ರತಿ, ಆನೆದಂತದ ಕೆತ್ತನೆ... ಕಣ್ಣಿಗೆ ಹಿಡಿಸಿದ್ದೆಲ್ಲ ದಿವಾನ್ ದೇವಡಿ ಎಂಬ ಅರಮನೆಯೊಳಗೆ ಬಂದು ಬಿತ್ತು. ಮದುವೆಯಾಗಲಿಲ್ಲ. 1949ರ ಮಾರ್ಚ್‌ನಲ್ಲಿ ತೀರಿಕೊಂಡಾಗ ವಾರಸುದಾರರಿಲ್ಲದ ನಲವತ್ತು ಸಾವಿರಕ್ಕೂ ಹೆಚ್ಚು ವಸ್ತುಗಳು ಉಳಿದಿದ್ದವು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಅದೇ ಅರಮನೆಯಲ್ಲಿ ಮ್ಯೂಸಿಯಂ ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದಿತು. ಈಗಿರುವ ಕಟ್ಟಡಕ್ಕೆ ಬಂದದ್ದು 1968ರಲ್ಲಿ.

ಇಲ್ಲಿ ನಮಗೆ ಸಂಬಂಧಿಸಿದ ಎರಡು ಸಂಗತಿ ಇವೆ. ಆ ಮನೆತನದ ಜಹಗೀರಿನಲ್ಲಿ ಕೊಪ್ಪಳ ಸೀಮೆಯೂ ಇತ್ತು. ಅಂದರೆ ಆ ಗಾಜಿನ ಪೆಟ್ಟಿಗೆಗಳ ಹಿಂದೆ ಕನ್ನಡ ನೆಲದ ಜೋಳದ ಹೊಲಗಳ ಕಂದಾಯವೂ ಇದೆ. ಇನ್ನೊಂದು, ಮ್ಯೂಸಿಯಂ ತೆರೆದ 1951ರಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ನೆಂಟರ ಮನೆಗೆ ಹೋದ ಹಾಗೆ ಸಂಕೋಚದಿಂದ ಹೋಗಬೇಕಿಲ್ಲ. ನಮ್ಮ ಪಾಲೂ ಅದರಲ್ಲಿದೆ. ಮನೆಯಲ್ಲಿ ನಿಜಾಮರ ಕಾಲದಲ್ಲಿ ಶಾಲೆಗೆ ಹೋದ ಹಿರಿಯರಿದ್ದು, ನಡೆಯುವ ಶಕ್ತಿ ಇದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಆ ಅಜ್ಜ ಉರ್ದು ಬರಹವನ್ನು ಗಟ್ಟಿಯಾಗಿ ಓದುವಾಗ ಮೊಮ್ಮಕ್ಕಳು ನೋಡುವ ನೋಟ ಯಾವ ಗೈಡಿಗೂ ಸಿಗುವಂಥದ್ದಲ್ಲ. ಕನ್ನಡದ ಫಲಕ ಅಲ್ಲಿ ಹುಡುಕಬೇಡಿ.

ಬಾಗಿಲು ತೆರೆಯುವುದು ಬೆಳಿಗ್ಗೆ ಹತ್ತಕ್ಕೆ. ಟಿಕೆಟ್ ದರ, ಮೊಬೈಲಿನಲ್ಲಿ ಫೋಟೊ ತೆಗೆಯುವ ನಿಯಮ ಆಗಾಗ ಬದಲಾಗುತ್ತವೆ. ಹೊರಡುವ ಹಿಂದಿನ ದಿನ ಮ್ಯೂಸಿಯಂನ ಜಾಲತಾಣ ನೋಡಿಕೊಳ್ಳಿ. ಬ್ಯಾಗುಗಳನ್ನು ಹೊರಗೆ ಜಮಾ ಮಾಡಬೇಕಾಗುತ್ತದೆ. ಆದ್ದರಿಂದ ಹಣ, ಫೋನು, ಔಷಧಿ ಸಣ್ಣ ಪರ್ಸಿನಲ್ಲಿ ಬೇರೆ ಇಟ್ಟುಕೊಂಡಿರಿ. ಹಿರಿಯರಿಗೆ ಮೊಣಕಾಲು ನೋವಿದ್ದರೆ ಒಳಗೆ ಕಾಲಿಡುವಾಗಲೇ ವೀಲ್‌ಚೇರ್ ಕೇಳಿ, ಸುಸ್ತಾದ ಮೇಲೆ ಹುಡುಕಬೇಡಿ.

ಈಗ ಮುಖ್ಯವಾದ ಮಾತು. ಒಳಗೆ ಮೂವತ್ತೈದಕ್ಕಿಂತ ಹೆಚ್ಚು ಗ್ಯಾಲರಿಗಳಿವೆ. ಮೂರು ಭಾಗಗಳ ಕಟ್ಟಡ: ನಡುವೆ ಭಾರತದ್ದು, ಒಂದು ಬದಿಗೆ ಪಶ್ಚಿಮ ದೇಶಗಳದ್ದು, ಇನ್ನೊಂದು ಬದಿಗೆ ಚೀನಾ-ಜಪಾನ್ ಕಡೆಯದ್ದು. "ರೊಕ್ಕ ಕೊಟ್ಟೀವಿ, ಎಲ್ಲಾ ನೋಡೇ ಹೋಗೋಣು" ಎಂದು ಹೊರಟ ಅಪ್ಪಂದಿರೇ ಇಡೀ ದಿನ ಕೆಡಿಸುವವರು. ಹನ್ನೊಂದನೆಯ ಗ್ಯಾಲರಿಗೆ ಬರುವಷ್ಟರಲ್ಲಿ ಮಕ್ಕಳಿಗೆ ಪಿಂಗಾಣಿ ತಟ್ಟೆಯೂ ಒಂದೇ, ಕತ್ತಿಯೂ ಒಂದೇ. ಐದಾರು ವಸ್ತುಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಅವುಗಳ ಮುಂದೆ ಸಮಾಧಾನವಾಗಿ ನಿಲ್ಲಿ. ದಾರಿಯಲ್ಲಿ ಸಿಕ್ಕಿದ್ದು ಲಾಭ.

ಬಾಗಿಲು ತೆರೆದ ಕೂಡಲೇ, ರೋಮಿನಿಂದ ಬಂದ ಆ ಮುಸುಕಿನ ಮೂರ್ತಿ ರೆಬೆಕ್ಕಾಳ ಬಳಿಗೆ ಹೋಗಿ. ಹನ್ನೊಂದರ ಮೇಲೆ ಅಲ್ಲಿ ತಲೆಗಳೇ ಕಾಣುತ್ತವೆ. ಇಟಲಿಯ ಶಿಲ್ಪಿ ಜಿಯೊವಾನ್ನಿ ಮಾರಿಯಾ ಬೆಂಜೋನಿ ಕೆತ್ತಿದ್ದು. ಬೈಬಲ್ಲಿನ ರೆಬೆಕ್ಕಾ ತಾನು ಮದುವೆಯಾಗಲಿರುವ ಐಸಾಕನನ್ನು ದೂರದಿಂದ ಕಂಡು ಮುಖಕ್ಕೆ ಮುಸುಕು ಎಳೆದುಕೊಂಡ ಗಳಿಗೆ ಇದು. ತೆಳು ಬಟ್ಟೆ ತಲೆಯಿಂದ ಇಳಿದು ಮೈಗೆ ಅಂಟಿದೆ. ಅದರ ಒಳಗಿಂದ ಹಣೆ, ಮೂಗು, ತುಟಿ ಕಾಣುತ್ತವೆ. ಬಟ್ಟೆಯೂ ಕಲ್ಲೇ, ಮುಖವೂ ಕಲ್ಲೇ, ಎರಡೂ ಒಂದೇ ಕಲ್ಲು. "ಯವ್ವಾ, ಕಲ್ಲಿನ ಹಿಂದಿಂದು ಹ್ಯಾಂಗ ಕಾಣ್ತದ?" ಎಂದು ಮಗು ಕೇಳಿಯೇ ಕೇಳುತ್ತದೆ. ಉತ್ತರ ಇಷ್ಟೇ: ಹಿಂದೆ ಏನೂ ಇಲ್ಲ. ಬಟ್ಟೆ ಎಲ್ಲಿ ಚರ್ಮಕ್ಕೆ ತಾಗುತ್ತದೋ ಅಲ್ಲಿ ನುಣುಪಾಗಿ ತೀಡಿ, ಎಲ್ಲಿ ಸಡಿಲವಾಗಿ ಬೀಳುತ್ತದೋ ಅಲ್ಲಿ ಸಣ್ಣ ನಿರಿಗೆ ತೆಗೆದು, ನೆರಳು-ಬೆಳಕಿನಿಂದ ಕಣ್ಣಿಗೆ ಮೋಸ ಮಾಡಿದ್ದಾನೆ ಶಿಲ್ಪಿ. ಮಕ್ಕಳನ್ನು ಪಕ್ಕಕ್ಕೆ ಕರೆದೊಯ್ದು ಬದಿಯಿಂದ ನೋಡಿಸಿ, ಆಗ ಗುಟ್ಟು ಅರ್ಧ ತಿಳಿಯುತ್ತದೆ. ಅಂದಹಾಗೆ ಜಗತ್ತಿನಲ್ಲಿ ಇದೊಂದೇ ರೆಬೆಕ್ಕಾ ಅಲ್ಲ. ಬೆಂಜೋನಿ ಇದನ್ನು ಹಲವು ಸಲ ಕೆತ್ತಿದ್ದಾನೆ, ಅಮೆರಿಕದ ಮ್ಯೂಸಿಯಂಗಳಲ್ಲೂ ಇವೆ. ಅದರಿಂದ ಇದರ ಬೆರಗೇನೂ ಕಡಿಮೆಯಾಗುವುದಿಲ್ಲ.

ಹನ್ನೊಂದೂಮುಕ್ಕಾಲಿಗೆ ಎಲ್ಲಿದ್ದರೂ ಬಿಟ್ಟು ಸಂಗೀತ ಗಡಿಯಾರದ ಮುಂದೆ ಬನ್ನಿ. ಕುಕ್ ಅಂಡ್ ಕೆಲ್ವಿ ಕಂಪನಿಯ ಗಡಿಯಾರ. ಇಂಗ್ಲೆಂಡಿನ ಭಾಗಗಳು, ಜೋಡಿಸಿದ್ದು ಕೋಲ್ಕತ್ತದಲ್ಲಿ. ಒಳಗೆ ಮುನ್ನೂರೈವತ್ತಕ್ಕೂ ಹೆಚ್ಚು ಬಿಡಿಭಾಗಗಳು. ಅದರಲ್ಲೊಬ್ಬ ಪುಟ್ಟ ಕಮ್ಮಾರ ಸುತ್ತಿಗೆ ಬಡಿಯುತ್ತಲೇ ಇರುತ್ತಾನೆ. ಗಂಟೆಯಾಗುವ ಹೊತ್ತಿಗೆ ಮೇಲಿನ ಅಂತಸ್ತಿನ ಬಾಗಿಲು ತೆರೆದು ಗಡ್ಡದ ಮನುಷ್ಯನೊಬ್ಬ ಹೊರಬಂದು ಜಾಗಟೆ ಬಾರಿಸಿ, ಕೆಲಸ ಮುಗಿಸಿ ಒಳಗೆ ಹೋಗುತ್ತಾನೆ. ಎಷ್ಟು ಗಂಟೆಯೋ ಅಷ್ಟು ಪೆಟ್ಟು. ಅದಕ್ಕೇ ಹನ್ನೆರಡಕ್ಕೆ ಇರಬೇಕು ಎಂದದ್ದು. ಒಂದು ಗಂಟೆಗೆ ಬಂದವರಿಗೆ ಒಂದೇ ಪೆಟ್ಟು, ಅಷ್ಟಕ್ಕೇ ಮುಗಿಯಿತು. ಜನ ಮೊದಲೇ ಬಂದು ನೆಲದ ಮೇಲೆ, ಬೆಂಚಿನ ಮೇಲೆ ಕೂತಿರುತ್ತಾರೆ. ಸಿನಿಮಾ ಟಾಕೀಸಿನಲ್ಲಿ ಪರದೆ ಏಳುವ ಮುಂಚಿನ ಗದ್ದಲ ಅಲ್ಲಿರುತ್ತದೆ. ಸಣ್ಣ ಮಕ್ಕಳನ್ನು ಮುಂದೆ ಕೂಡಿಸಿ. ಒಂದು ಕಿವಿಮಾತು: ಮೊಬೈಲ್ ಎತ್ತಿ ವಿಡಿಯೊ ಮಾಡುವವರ ಕೈಗಳೇ ಹಿಂದಿನವರಿಗೆ ಕಾಣುವುದು. ಆ ಗಡಿಯಾರದ ವಿಡಿಯೊ ಎಲ್ಲೆಡೆ ಸಿಗುತ್ತದೆ, ನೀವು ಕಣ್ಣಿನಿಂದ ನೋಡಿ ಬನ್ನಿ.

ಬೇರೆ ಗಡಿಯಾರಗಳೂ ರಾಶಿ ಇವೆ. ಆಳೆತ್ತರದವು, ಭೂತಗನ್ನಡಿ ಬೇಕಾಗುವಷ್ಟು ಸಣ್ಣವು. ಗಡಿಯಾರ ರಿಪೇರಿ, ಯಂತ್ರದ ಕೆಲಸ ಗೊತ್ತಿದ್ದವರು ಮನೆಯಲ್ಲಿದ್ದರೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ. ಸಿಮೆಂಟ್ ಕಾರ್ಖಾನೆಗಳ ಊರಿನವರಾದ ನಮ್ಮಲ್ಲಿ ಅಂಥವರಿಗೆ ಬರವಿಲ್ಲ.

ಮೂರನೆಯದು ಎರಡು ಮುಖದ ಮರದ ಮೂರ್ತಿ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕೆಲಸ. ಮುಂದಿನಿಂದ ನೋಡಿದರೆ ಸೆಟೆದು ನಿಂತ ಮೆಫಿಸ್ಟೋಫಿಲಿಸ್, ಗಯಟೆಯ 'ಫೌಸ್ಟ್' ನಾಟಕದ ಸೈತಾನ. ಹಿಂದೆ ಕನ್ನಡಿ ಇಟ್ಟಿದ್ದಾರೆ. ಕನ್ನಡಿಯಲ್ಲಿ ಕಾಣುವುದು ತಲೆ ಬಾಗಿಸಿದ ಹುಡುಗಿ ಮಾರ್ಗರೆಟಾ, ಅದೇ ನಾಟಕದ ಮುಗ್ಧೆ. ಒಂದೇ ಮರದ ದಿಮ್ಮಿಯ ಒಂದು ಮಗ್ಗುಲಿಗೆ ಅವನು, ಇನ್ನೊಂದು ಮಗ್ಗುಲಿಗೆ ಅವಳು. ಮಕ್ಕಳಿಗೆ ಕನ್ನಡಿಯ ವಿಷಯ ಮೊದಲೇ ಹೇಳಬೇಡಿ. ತಾವೇ ಕಂಡುಕೊಳ್ಳಲಿ. ನನ್ನ ಮಟ್ಟಿಗೆ ಇಡೀ ಮ್ಯೂಸಿಯಂನಲ್ಲಿ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ರೆಬೆಕ್ಕಾಳನ್ನು ಮೆಚ್ಚುವುದು ಹೆಚ್ಚಾಗಿ ದೊಡ್ಡವರು.

ಆಮೇಲೆ ಅವರವರ ರುಚಿ. ಸಾಲಾರ್ ಜಂಗ್ ಕೂಡಿಸಿಟ್ಟ ಆಟಿಕೆಗಳ ಪ್ರತ್ಯೇಕ ವಿಭಾಗ ಇದೆ. ಸಾಲಾಗಿ ನಿಂತ ಪುಟಾಣಿ ಸೈನಿಕರ ಪಡೆ ಅದರಲ್ಲಿದೆ. ಆನೆದಂತದ ವಿಭಾಗದಲ್ಲಿ ಟಿಪ್ಪು ಸುಲ್ತಾನನಿಗೆ ಫ್ರಾನ್ಸಿನ ಹದಿನಾರನೆಯ ಲೂಯಿ ಕೊಟ್ಟದ್ದೆಂದು ಹೇಳುವ ಕುರ್ಚಿಗಳು, ದಂತದ ಎಳೆಗಳಿಂದ ನೇಯ್ದ ಚಾಪೆ ಇವೆ. ಹಸಿರು ಜೇಡ್ ಶಿಲೆಯ ವಸ್ತುಗಳ ನಡುವೆ ಜಹಾಂಗೀರನ ಕಠಾರಿ, ನೂರ್ ಜಹಾನಳ ಹಣ್ಣಿನ ಚಾಕು. ಇತಿಹಾಸದ ಪುಸ್ತಕದಲ್ಲಿ ಹೆಸರು ಓದಿದ ಮಕ್ಕಳಿಗೆ ಚಕ್ರವರ್ತಿನಿ ಹಣ್ಣು ಹೆಚ್ಚುತ್ತಿದ್ದ ಚಾಕು ಕಂಡರೆ ಏನೋ ಖುಷಿ. ಯುರೋಪಿನ ಚಿತ್ರಗಳ ಗ್ಯಾಲರಿಯನ್ನು ಮಕ್ಕಳಿದ್ದರೆ ಬಿಟ್ಟುಬಿಡಿ ಎನ್ನುತ್ತೇನೆ. ಅಲ್ಲಿ ಹೆಸರಾಂತ ಚಿತ್ರಗಳ ನಕಲುಗಳೂ ಇವೆ, ಮಕ್ಕಳು ಅಷ್ಟು ಹೊತ್ತಿಗೆ ಹಸಿದಿರುತ್ತಾರೆ.

ಹಸಿವಿನ ಮಾತು ಬಂತು. ಗ್ಯಾಲರಿಗಳಲ್ಲಿ ತಿನ್ನುವಂತಿಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಕಟ್ಟಿಕೊಂಡು ಹೋದವರು ಅದನ್ನು ಬ್ಯಾಗಿನೊಂದಿಗೆ ಹೊರಗೇ ಜಮಾ ಮಾಡಿ, ನೋಡುವುದು ಮುಗಿದ ಮೇಲೆ ಬಿಡಿಸಿಕೊಂಡು ತಿನ್ನಬೇಕು. ಒಳಗೆ ಕ್ಯಾಂಟೀನು ಉಂಟು, ಚಹಾ-ತಿಂಡಿಗೆ ಸಾಕು. ಊಟಕ್ಕೆ ಅಫ್ಜಲ್‌ಗಂಜ್, ನಯಾಪುಲ್ ಕಡೆ ಬಂದರೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ಬಿರಿಯಾನಿ ಎಲ್ಲ ಸಿಗುತ್ತವೆ. ಶಾಕಾಹಾರಿ ಊಟವೂ ಬಸ್ ನಿಲ್ದಾಣದ ಸುತ್ತಲೇ ಉಂಟು.

ಊಟದ ಮೇಲೆ ಇನ್ನೊಂದು ಜಾಗ ನೋಡುವ ಶಕ್ತಿ ಇದ್ದರೆ ಮೂರು ದಾರಿ ಇವೆ. ಮೂರಕ್ಕೂ ಹೋಗುತ್ತೇವೆ ಅನ್ನಬೇಡಿ.

ಪುಟ್ಟ ಮಕ್ಕಳಿದ್ದರೆ ಬಹಾದ್ದೂರ್‌ಪುರಾದ ಸುಧಾ ಕಾರ್ ಮ್ಯೂಸಿಯಂ, ನೆಹರೂ ಪ್ರಾಣಿಸಂಗ್ರಹಾಲಯದ ಹತ್ತಿರ. ಕೆ. ಸುಧಾಕರ್ ಎಂಬವರ ಹುಚ್ಚು ಇದು, ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ. ಗುಜರಿ ಸಾಮಾನಿನಿಂದ ಕಾರು ಮಾಡುತ್ತಾರೆ. ಹಿಮ್ಮಡಿ ಎತ್ತರದ ಹೆಣ್ಣುಮಕ್ಕಳ ಚಪ್ಪಲಿಯ ಆಕಾರದ್ದು, ವ್ಯಾನಿಟಿ ಬ್ಯಾಗಿನದ್ದು, ಕ್ರಿಕೆಟ್ ಬ್ಯಾಟಿನದ್ದು, ಬದನೆಕಾಯಿಯದ್ದು, ಬರ್ಗರಿನದ್ದು, ಕಮೋಡಿನದ್ದೂ ಒಂದಿದೆ. ಬರೀ ಬೊಂಬೆಗಳಲ್ಲ, ಎಂಜಿನ್ ಕೂಡಿಸಿ ಓಡುವಂತೆ ಮಾಡಿದ ಗಾಡಿಗಳು. 2005ರಲ್ಲಿ ಇವರು ಮಾಡಿ ಓಡಿಸಿದ 41 ಅಡಿ 7 ಇಂಚು ಎತ್ತರದ ತ್ರಿಚಕ್ರ ಸೈಕಲ್ ಗಿನ್ನೆಸ್ ದಾಖಲೆಗೆ ಸೇರಿತು. ಸಾಲಾರ್ ಜಂಗ್ ಕೊಂಡು ಕೂಡಿಸಿದರೆ ಇವರು ಕೈಯಾರೆ ಮಾಡಿ ಕೂಡಿಸಿದರು. ಹತ್ತು ವರ್ಷದೊಳಗಿನ ಮಕ್ಕಳಿಗೆ ಇಡೀ ಪ್ರವಾಸದಲ್ಲಿ ನೆನಪುಳಿಯುವುದು ಬದನೆಕಾಯಿ ಕಾರೇ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ನಡೆಯುವ ಶಕ್ತಿ ಕಡಿಮೆ, ದೊಡ್ಡವರೇ ಹೆಚ್ಚು ಎಂದರೆ ಸಾಲಾರ್ ಜಂಗ್‌ನಿಂದ ಸಮೀಪವೇ ಇರುವ ಪುರಾನಿ ಹವೇಲಿಯ ನಿಜಾಮರ ಮ್ಯೂಸಿಯಂ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಒಮ್ಮೆ ತೊಟ್ಟ ಉಡುಪನ್ನು ಮತ್ತೆ ತೊಡುತ್ತಿರಲಿಲ್ಲ ಎಂಬ ಮಾತಿದೆ. ಅದು ನಿಜವೋ ಸುಳ್ಳೋ, ಅವರ ಬಟ್ಟೆ ಬೀರು ಮಾತ್ರ ಎದುರಿಗೇ ಇದೆ. ಬೀರು ಎಂದರೆ ಬೀರಲ್ಲ, ಉದ್ದಕ್ಕೆ ಚಾಚಿದ ಎರಡು ಅಂತಸ್ತಿನ ಮರದ ಪಡಸಾಲೆ. ಮೇಲೆ ಹೋಗಲು ಕೈಯಿಂದ ಎಳೆಯುವ ಮರದ ಲಿಫ್ಟು. ಏಳನೆಯ ನಿಜಾಮರ ಬೆಳ್ಳಿಹಬ್ಬಕ್ಕೆ ಬಂದ ಉಡುಗೊರೆಗಳೂ ಇಲ್ಲಿವೆ. 2018ರ ಸೆಪ್ಟೆಂಬರಿನಲ್ಲಿ ಕಳ್ಳರು ಇಲ್ಲಿಂದ ವಜ್ರ-ಮಾಣಿಕ್ಯ ಕೂರಿಸಿದ ಚಿನ್ನದ ಟಿಫಿನ್ ಡಬ್ಬಿ, ಕಪ್ಪು-ಸಾಸರು, ಚಮಚ ಹೊತ್ತೊಯ್ದಿದ್ದರು. ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದರು. ಸಿಗುವ ಮುಂಚೆ ಒಬ್ಬ ಆ ಡಬ್ಬಿಯಲ್ಲೇ ಊಟ ಮಾಡಿದ್ದನಂತೆ, ಪೊಲೀಸರು ಹೇಳಿದ ಮಾತು. ನಿಜಾಮರು ಅದರಲ್ಲಿ ಉಂಡರೋ ಇಲ್ಲವೋ!

ನಾಂಪಲ್ಲಿಯಿಂದಲೇ ವಾಪಸಿನ ರೈಲು ಇದ್ದರೆ ಮೂರನೆಯ ದಾರಿ ಅನುಕೂಲ. ಪಕ್ಕದ ಪಬ್ಲಿಕ್ ಗಾರ್ಡನ್‌ನಲ್ಲಿರುವ ರಾಜ್ಯ ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿ ಮಲಗಿದೆ. ಸುಮಾರು ಎರಡೂವರೆ ಸಾವಿರ ವರ್ಷ ಹಳೆಯದು, ನೈಶು ಎಂಬ ರಾಜಕುಮಾರಿಯದ್ದೆಂದು ಹೇಳುತ್ತಾರೆ. ಆರನೆಯ ನಿಜಾಮರ ಅಳಿಯ ನಜೀರ್ ನವಾಜ್ ಜಂಗ್ ಕೊಂಡು ತಂದದ್ದು, ಏಳನೆಯ ನಿಜಾಮರು ಅದನ್ನು ಮ್ಯೂಸಿಯಂಗೆ ಕೊಟ್ಟರು. ಕೆಡತೊಡಗಿದ್ದ ಮಮ್ಮಿಯನ್ನು 2016ರಲ್ಲಿ ಆಕ್ಸಿಜನ್ ತೆಗೆದು ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಗಾಳಿಯ ಆಕ್ಸಿಜನ್ ಸಿಕ್ಕರೆ ತಾನೆ ಹುಳ, ಬೂಷ್ಟು ಬದುಕುವುದು. ಏಳೆಂಟು ವರ್ಷದ ಮಕ್ಕಳಿಗೆ ಒಳಗೆ ಹೋಗುವ ಮೊದಲೇ ಇದು ಹೆಣ, ಹೆದರುವಂಥದ್ದೇನಿಲ್ಲ ಎಂದು ತಿಳಿಸಿ ಹೇಳಿ. ಹೇಳದೆ ಕರೆದೊಯ್ದರೆ ರಾತ್ರಿ ರೈಲಿನಲ್ಲಿ ನಿಮಗೆ ನಿದ್ದೆ ಇರುವುದಿಲ್ಲ.

ವಾಪಸಿನ ಟಿಕೆಟ್ಟನ್ನು ಸಂಜೆಯ ಕಡೆಯ ರೈಲಿಗೆ ಮಾಡಿಸಬೇಡಿ. ಆ ಊರಿನ ಸಂಚಾರ ದಟ್ಟಣೆಯಲ್ಲಿ ಮೂರು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ತಪ್ಪಿದರೆ ಬಸ್ಸಿದೆ ಎಂಬ ಧೈರ್ಯ ಸೇಡಂ, ಚಿಂಚೋಳಿಯವರಿಗೆ ಇರಬಹುದು, ಚಿತ್ತಾಪುರದವರಿಗೆ ಅಷ್ಟು ಸಲೀಸಲ್ಲ.

ಹೈದರಾಬಾದಿನ ಖರ್ಚು ಈ ಸಲ ಬೇಡ, ಮನೆಯಲ್ಲಿ ಕೈಗೂಸು ಇದೆ, ಅಜ್ಜಿಗೆ ಆಗುವುದಿಲ್ಲ ಎನ್ನುವವರಿಗೆ ಕಲಬುರಗಿ ಇದೆ. ಸೇಡಂ ರಸ್ತೆಯಲ್ಲೇ ಎರಡು ಹಳೆಯ ಗುಮ್ಮಟಗಳೊಳಗೆ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಗೋರಿಯ ಮೇಲೆ ಕಟ್ಟಿದ ಗುಮ್ಮಟದೊಳಗೆ ಬುದ್ಧ, ಜಿನ, ವೀರಗಲ್ಲು ನಿಂತಿರುವುದೇ ಒಂದು ವಿಚಿತ್ರ. ಅರ್ಧ ಗಂಟೆ ಸಾಕು. 1984ರಲ್ಲಿ ಶುರುವಾದ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಾತ್ರ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ಮುಟ್ಟಬೇಡ ಎನ್ನುವವರಿಲ್ಲ, ಮುಟ್ಟಿ, ತಿರುಗಿಸಿ, ಎಳೆದು ನೋಡುವುದಕ್ಕೇ ಇಟ್ಟಿದ್ದಾರೆ. ಹೊತ್ತು ಉಳಿದರೆ ಕೋಟೆಯ ಬಾರಾ ಗಜ್ ತೋಪು. ಸುಮಾರು 29 ಅಡಿ ಉದ್ದದ ಫಿರಂಗಿ, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಊರವರ ಹೆಮ್ಮೆ.

ಇಷ್ಟೆಲ್ಲ ಹೇಳಿದ ಮೇಲೂ, ನನ್ನ ಕೇಳಿದರೆ, ಈ ಐದೂರುಗಳ ಸೀಮೆಯ ಅತಿ ದೊಡ್ಡ ವಿಸ್ಮಯ ಇರುವುದು ಯಾವ ಗಾಜಿನ ಪೆಟ್ಟಿಗೆಯಲ್ಲೂ ಅಲ್ಲ, ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಮೇಲೆ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ವಿಗ್ರಹ ಭಗ್ನವಾಯಿತು. ಅದರ ಕೆಳಗಿನ ಪೀಠದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ನಡುವೆ ಚೌಕ ಕೊರೆದು ಯಾವ ಕಾಲದಲ್ಲೋ ದೇವಿಗೆ ಪೀಠ ಮಾಡಿಕೊಂಡಿದ್ದರು. ಅಲ್ಲೇ ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಸಿಕ್ಕಿತು. ಅದರ ಒಂದು ಫಲಕದಲ್ಲಿ ರಾಜ, ರಾಣಿ, ಸುತ್ತ ಪರಿಚಾರಿಕೆಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂಬ ಹೆಸರು. ಹೆಸರು ಬರೆದ ಅಶೋಕನ ಚಿತ್ರ ಸಿಕ್ಕಿದ್ದು ಇಲ್ಲೇ. ಸ್ತೂಪದ ಫಲಕಗಳು ಸುಣ್ಣಕಲ್ಲಿನವು, ನಿಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದ ಫರಸಿಯ ಬಳಗದ್ದೇ.

ಶಹಾಬಾದ, ವಾಡಿಯವರಿಗೆ ನಾಲವಾರ ಮಾರ್ಗವಾಗಿ ಹೋಗುವುದು ಸುಲಭ. ಚಂದ್ರಲಾಂಬಾ ದರ್ಶನಕ್ಕೆ ಹೋಗುವ ಕುಟುಂಬಗಳು ಕನಗನಹಳ್ಳಿಯನ್ನು ನೋಡದೇ ಬರುವುದೇ ಹೆಚ್ಚು, ನೀವು ಆ ಸ್ವಲ್ಪ ದೂರವನ್ನು ಹೋಗಿಯೇ ಬನ್ನಿ. ಚಳಿಗಾಲದ ಬೆಳಿಗ್ಗೆ ಹೋಗಿ, ಅಲ್ಲಿ ನೆರಳು ಕಡಿಮೆ. ಕುಡಿಯುವ ನೀರು, ಬುತ್ತಿ ಜೊತೆಗೇ ಒಯ್ಯಿರಿ. ಬಿದ್ದ ಫಲಕಗಳ ಮೇಲೆ ಮಕ್ಕಳು ಹತ್ತದಂತೆ ನೋಡಿಕೊಳ್ಳಿ.